ಎಡಗಾಲಿನ ಎರಡು ಶೂ

ಲಿಝು ಗಂಜಿಯ ಹಂಡೆಗೆ ಗೆಣಸಿನ ತುಂಡುಗಳನ್ನು ಸುರಿಯುತ್ತಿದ್ದಳು. ಬುಟ್ಟಿ ಇನ್ನೂ ಅರ್ಧ ಖಾಲಿಯಾಗಿರಲಿಲ್ಲ, ಹಜಾರದಿಂದ ಮಾವ ರುಯ್‌ಫಾ ಕೂಗಿದರು.

"ಲಿಝೂ! ಬೇಗ ಬಾಮ್ಮಾ ಇಲ್ಲಿ!"

ಬುಟ್ಟಿಯನ್ನು ಏಳು ವರ್ಷದ ಮಗಳು ಮಾನ್‌ಮಾನ್‌ಳ ಕೈಗಿಟ್ಟು ಅವಳು ಓಡಿದಳು. ಮಗಳು ಬುಟ್ಟಿಯ ಸಮೇತ ಹಿಂದೆಯೇ ಬಂದಳು.

ಯುದುವಾನಜ್ಜಿ ನೀಲಿ ರೇಷ್ಮೆಯುಟ್ಟು ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ವಯಸ್ಸು ತೊಂಬತ್ತು. ಬಾಗಿಲ ದೀಪದ ಮೇಲೆ ಮಾತ್ರ ತೊಂಬತ್ಮೂರು ಎಂದು ಬರೆದಿತ್ತು. ಸತ್ತವರ ವಯಸ್ಸಿಗೆ ಆಕಾಶದ್ದೊಂದು, ಭೂಮಿಯದ್ದೊಂದು, ಮನುಷ್ಯರದ್ದೊಂದು ವರ್ಷ ಸೇರಿಸುವುದು ಅಲ್ಲಿನ ರೂಢಿ. ಅಷ್ಟು ಬಾಳಿದವರನ್ನು ಜಿನ್‌ಜಿಯಾಂಗ್‌ನಲ್ಲಿ ಯಾರೂ ಅತ್ತು ಕಳಿಸುವುದಿಲ್ಲ. ಅಂಗಳದಲ್ಲಿ ಹೆಂಗಸರ ಡೋಲಿನ ತಂಡ ಆಗಲೇ ತಾಳ ಹಾಕುತ್ತಿತ್ತು.

ರುಯ್‌ಫಾ ತಾಯಿಯ ಕಾಲ ಬಳಿ ಕೆಂಪು ಡಬ್ಬ ತೆರೆದು ಕೂತಿದ್ದರು. ಒಂದು ಬಿಳಿ ಶೂ ಎಡಗಾಲಿಗೆ ಹೋಗಿತ್ತು. ಇನ್ನೊಂದು ಕೈಯಲ್ಲಿತ್ತು.

"ಇದೂ ಎಡಗಾಲಿಂದೇ ಕಣಮ್ಮಾ."

ಲಿಝು ಶೂ ಕಸಿದು ತಿರುಗಿಸಿ ನೋಡಿದಳು. ಡಬ್ಬವನ್ನು ಅಜ್ಜಿ ಅವಳ ಕೈಗೇ ಕೊಟ್ಟಿದ್ದಳು. "ಇದನ್ನೇ ಹಾಕಿ ಕಳಿಸು. ಬೇರೆ ಹಾಕಿದ್ರೆ ಅರ್ಧ ದಾರಿಯಿಂದ ವಾಪಸ್ ಬರ್ತೀನಿ ನೋಡು." ಲಿಝು ಹೂಂ ಅಂದಿದ್ದಳು. ಮೂರು ವರ್ಷ ಬೀರುವಿನಲ್ಲಿಟ್ಟು ಒಮ್ಮೆಯೂ ಮುಚ್ಚಳ ತೆಗೆದಿರಲಿಲ್ಲ.

"ಅಮ್ಮಾ, ಎರಡೂ ಎಡಗಾಲಿಂದಾದ್ರೆ..." ಎಂದಳು ಮಾನ್‌ಮಾನ್.

"ಆಮೇಲೆ ಚಿನ್ನ, ಆಮೇಲೆ."

ಸುದ್ದಿ ಅಂಗಳ ತಲುಪಿದ್ದೇ ತಡ, ಡೋಲು ನಿಂತು ನಗು ಶುರುವಾಯಿತು. ಪಕ್ಕದ ಮನೆಯ ಕುಂಜಿನ್ ಕಣ್ಣೊರೆಸಿಕೊಂಡ. ಅವನು ಮೂವತ್ತು ವರ್ಷ ಶೂ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದವನು.

"ಇಪ್ಪತ್ತಾರು ವರ್ಷ ಊರಿನ ಶೂ ಜೋಡಿಯೆಲ್ಲಾ ನೋಡಿದ್ಲು ಮುದುಕಿ! ನನ್ನ ಎಷ್ಟು ಶೂ ವಾಪಸ್ ಎಸೆದಿದ್ಲು! ಕೊನೆಗೆ ತನ್ನದನ್ನೇ ನೋಡ್ಲಿಲ್ಲ!"

"ನಗಬೇಡಿ ಚಿಕ್ಕಪ್ಪಾ," ಎಂದಳು ಲಿಝು. "ಹನ್ನೊಂದಕ್ಕೆ ಪೆಟ್ಟಿಗೆ ಮುಚ್ಚಳ ಹಾಕ್ಬೇಕು. ನಾನು ಮಾತು ಕೊಟ್ಟಿದ್ದೆ."

"ಅದಕ್ಯಾಕೆ ಮುಖ ಸಣ್ಣ ಮಾಡ್ತೀಯ? ಈ ಊರಲ್ಲಿ ಶೂಗೆ ಬರವೇ? ಬಲಗಾಲಿಂದು ಮಾಡೇ ಬಿಡೋಣ, ಆ ಶೂ ತಗೊಂಬಾ."

ಊಟದ ಮೇಜುಗಳನ್ನು ಸಾಲಾಗಿ ಜೋಡಿಸಿದರು. ಊರಿನಲ್ಲಿ ಎಲ್ಲರೂ ಶೂ ಮಾಡುವವರೇ, ಆದರೆ ಇಡೀ ಶೂ ಒಬ್ಬರಿಗೂ ಬರುವುದಿಲ್ಲ; ಒಬ್ಬೊಬ್ಬರ ಕೈಗೆ ಒಂದೊಂದೇ ಕೆಲಸ. ಕುಂಜಿನ್ ಹಳೆಯ ಶೂವಿನ ಅಳತೆಯನ್ನು ಕಾಗದಕ್ಕಿಳಿಸಿ, ಕಾಗದವನ್ನು ಮಗುಚಿ ಹಾಕಿದ. ಎಡಗಾಲು ಬಲಗಾಲಾಯಿತು. ಡೋಲು ಬಿಚ್ಚಿಟ್ಟು ಸಿಯುಕಿನ್ ಹೊಲಿಗೆ ಯಂತ್ರಕ್ಕೆ ಕೂತಳು. ಅವಳ ಗಂಡ ಸ್ಕೂಟರಿನಲ್ಲಿ ಹೋಗಿ ನಲವತ್ತನೇ ಅಳತೆಯ ಅಟ್ಟೆ ತಂದ.

"ಹೊಲಿಗೆ ಸೊಟ್ಟ ಹೋಗ್ತಿದೆ ಕಣೇ!"

"ನೀನು ಕತ್ತರಿಸಿದ್ದೇ ಸೊಟ್ಟ. ನಾನೇನು ಮಂತ್ರ ಹಾಕ್ಲಾ?"

"ಅಂಟು ತೆಳ್ಳಗೆ ಹಚ್ಚು. ಗೋಡೆಗೆ ಸುಣ್ಣ ಬಳೀತಿದ್ದೀಯಾ?"

ಲಿಝು ಎಲ್ಲರಿಗೂ ಗಂಜಿ ಬಡಿಸಿದಳು. ಗಂಟೆ ಒಂಬತ್ತು, ಒಂಬತ್ತೂವರೆ. ಮಾನ್‌ಮಾನ್ ಮತ್ತೆ ಬಂದು ಅವಳ ಅಂಗಿಯ ಅಂಚು ಜಗ್ಗಿದಳು.

"ಅಮ್ಮಾ, ಒಂದು ಮಾತು..."

"ಅಂಟು ಒಣಗಲಿ ಪುಟ್ಟಾ."

*

ಮೂವತ್ತೆಂಟು ವರ್ಷಗಳ ಹಿಂದೆ ಇದೇ ಅಂಗಳದಲ್ಲಿ ಆರು ಹೊಲಿಗೆ ಯಂತ್ರಗಳಿದ್ದವು. ಊರಿನ ಮೊದಲ ಶೂಗಳು ಹುಟ್ಟಿದ್ದು ಇಂಥ ಕೆಂಪು ಇಟ್ಟಿಗೆಯ ಅಂಗಳಗಳಲ್ಲೇ. ಸಾಲಿನ ಕೊನೆಯ ಮಣೆ ಯುದುವಾನಳದು. ಎಡ, ಬಲ, ಅಳತೆ ನೋಡಿ ಡಬ್ಬಕ್ಕಿಡುವುದು ಅವಳ ಕೆಲಸ.

ಒಂದು ದಿನ ಅವಳು ಒಂದೇ ಅಳತೆಯ ಎರಡು ಜೋಡಿ ಬಿಳಿ ಶೂ ಆರಿಸಿ ಪಕ್ಕಕ್ಕಿಟ್ಟಳು.

"ಎರಡು ಜೋಡಿ ಯಾರಿಗಮ್ಮಾ?" ಎಂದು ಮೂವತ್ತರ ಮಗ ರುಯ್‌ಫಾ ಕೇಳಿದ.

"ಒಂದು ನಂಗೆ, ಒಂದು ನಿಮ್ಮಪ್ಪನಿಗೆ. ನಮ್ಮಿಬ್ಬರದ್ದೂ ಒಂದೇ ಅಳತೆ ಕಾಲು. ಮದುವೆಯಾದ ಹೊಸದರಲ್ಲಿ ಇದ್ದದ್ದು ಒಂದೇ ಜೋಡಿ ಮರದ ಚಪ್ಪಲಿ. ಸರದಿ ಮೇಲೆ ಹಾಕ್ಕೋತಿದ್ವಿ."

ಅಪ್ಪ ಮದುವೆಯಾದ ಮರುವರ್ಷವೇ ಮನಿಲಾದ ಹಡಗು ಹತ್ತಿದ್ದ. ಅಲ್ಲಿ ಇನ್ನೊಂದು ಸಂಸಾರವೂ ಆಗಿತ್ತು. ವರ್ಷಕ್ಕೆರಡು ಪತ್ರ ಬರುತ್ತಿದ್ದವು, ಎರಡರಲ್ಲೂ 'ಮುಂದಿನ ವರ್ಷ ಖಂಡಿತ ಬರುತ್ತೇನೆ' ಎಂದಿರುತ್ತಿತ್ತು.

ಮನಿಲಾಕ್ಕೆ ಕಳಿಸುವ ಪೊಟ್ಟಣವನ್ನು ಅವಳು ಯಾರಿಗೂ ಮುಟ್ಟಗೊಡದೆ ತಾನೇ ಕಟ್ಟಿದಳು. ರುಯ್‌ಫಾ ವಿಳಾಸ ಬರೆದ, ಅಷ್ಟೇ. ಎರಡು ತಿಂಗಳಿಗೆ ಉತ್ತರ ಬಂತು. ಅವಳಿಗೆ ಓದು ಬಾರದು, ಮಗನೇ ಓದಿದ: 'ಶೂ ತಲುಪಿದವು. ಮೂರು ದಿನ ಬಿದ್ದು ಬಿದ್ದು ನಕ್ಕೆ. ನೀನಿನ್ನೂ ಹಾಗೇ ಇದ್ದೀಯಲ್ಲ ಮಾರಾಯ್ತಿ.'

"ಶೂ ನೋಡಿ ನಗೋದು ಏನಿದೆಯಮ್ಮಾ?"

ಅವಳು ನಕ್ಕು ನಕ್ಕು ಗೋಡೆಗೆ ಒರಗಿದಳು. "ಹೋಗೋ, ದೊಡ್ಡವರ ವಿಷಯ ನಿಂಗ್ಯಾಕೆ?"

ಅಪ್ಪ ಬರಲಿಲ್ಲ. ಮನಿಲಾದಲ್ಲೇ ತೀರಿಕೊಂಡ.

*

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಲಗಾಲಿನ ಶೂ ಸಿದ್ಧವಾಯಿತು. ಹೊಲಿಗೆ ಒಂದು ಕಡೆ ನಿಜಕ್ಕೂ ಸೊಟ್ಟಗಿತ್ತು.

"ಮುದುಕಿ ಇದ್ದಿದ್ರೆ ವಾಪಸ್ ಎಸೀತಿದ್ಲು," ಎಂದ ಕುಂಜಿನ್. ಎಲ್ಲರೂ ಮತ್ತೆ ನಕ್ಕರು. ಡೋಲುಗಳು ಹೆಗಲೇರಿದವು. ನಾಲ್ವರು ಮುಚ್ಚಳ ಎತ್ತಿ ನಿಂತರು. ಲಿಝುವಿನ ಜೀವ ಆಗ ನಿರಾಳವಾಯಿತು.

ರುಯ್‌ಫಾ ಹೊಸ ಶೂ ಹಿಡಿದು ತಾಯಿಯ ಬರಿಗಾಲಿನತ್ತ ಬಾಗಿದರು. ಉಳಿದ ಹಳೆಯ ಶೂವನ್ನು ಮಾನ್‌ಮಾನ್ ಎರಡೂ ಕೈಯಲ್ಲಿ ಅವುಚಿಕೊಂಡು ನಿಂತಿದ್ದಳು. ಬೆಳಗಿನಿಂದ ಎಷ್ಟು ಸಲ ಮಗುವಿನ ಬಾಯಿ ಮುಚ್ಚಿಸಿದೆನಲ್ಲ ಎಂದು ಲಿಝುವಿಗೆ ಆಗ ನೆನಪಾಯಿತು. ಅವಳ ತಲೆ ಸವರಿದಳು.

"ಹೂಂ, ಈಗ ಹೇಳು ಪುಟ್ಟಾ. ಏನೋ ಕೇಳ್ಬೇಕು ಅಂತಿದ್ಯಲ್ಲ?"

"ಎಡಗಾಲಿನವು ಎರಡೂ ಮುತ್ತಜ್ಜಿ ಹತ್ರಾನೇ ಇದ್ವಲ್ಲ," ಎಂದಳು ಮಾನ್‌ಮಾನ್. "ಹಾಗಾದ್ರೆ ಬಲಗಾಲಿನ ಎರಡು ಯಾರ ಹತ್ರ ಇವೆ?"