ಹೆಸರಿಲ್ಲದ ಓಲೆಯ ನೀಲಿ ಹೆಬ್ಬೆಟ್ಟು

ನೊಣ ಹಿರಿಯರಾದ ಕ್ರೋನಿಯಸರ ಗಡ್ಡದಿಂದ ಹಾರಿ ಹೆರೈಸಳ ಮಡಿಲಲ್ಲಿ ಬಿಚ್ಚಿಕೊಂಡಿದ್ದ ಸುರುಳಿಯ ಮೇಲೆ ಕೂತಿತು, ಸರಿಯಾಗಿ ಆ ನೀಲಿ ಕಲೆಯ ಮೇಲೇ, ಹುಶ್ ಎನ್ನಲೂ ಭಯ, ಸಭೆಗೆ ಸಭೆಯೇ ಅತ್ತ ನೋಡುತ್ತಿದೆ — ನೋಡಿ, ಇದೇ ಹೆಸರಿನ ಬಾಲ, ಮೊದಲ ಹಾಳೆ ಹರಿದುಹೋಗಿದೆ, ಅಪೊಸ್ತಲ ಪೌಲರ ಹೆಸರೂ ಅದರ ಜೊತೆ ಹೋಗಿದೆ, ಶಾಯಿ ಇಷ್ಟು ಉಳಿದಿದೆ, ಅಂತ ಕ್ರೋನಿಯಸರು ಬೆಳಗಿನಿಂದ ಏಳನೇ ಸಲ ಹೇಳುತ್ತಿದ್ದಾರೆ, ಪಾಪ, ಗಂಟಲು ಕಟ್ಟಿದೆ, ಯಾರಾದರೂ ಒಂದು ಗುಟುಕು ನೀರು ಕೊಡಬಾರದೇ, ಪೌಲರು ಪ್ರತಿ ಓಲೆಯನ್ನೂ ತಮ್ಮ ಹೆಸರು ಹೇಳಿಯೇ ಶುರುಮಾಡಿದವರು, ಹೀಬ್ರೂ ಜನರಿಗೆಂದು ಬರೆದ ಈ ಓಲೆಯೊಂದೇ ಬೋಳುತಲೆ, ಎದುರಿಗೆ ಇನ್ನೊಬ್ಬ ಹಿರಿಯ ಕೊಪ್ರೆಯಸ್ ಕೈಕಟ್ಟಿ ಕೂತಿದ್ದಾನೆ, ಅವನದೂ ಒಂದೇ ಪಲ್ಲವಿ, ಅಪ್ಪ ಯಾರು ಅಂತ ಗೊತ್ತಿಲ್ಲದ್ದನ್ನ ಅಪೊಸ್ತಲರ ಓಲೆಗಳ ಪಕ್ಕ ಹೇಗ್ರೀ ಕೂರಿಸೋದು, ಇವತ್ತೇ ತೀರ್ಮಾನವಾಗಬೇಕು, ಅವಳು ಸಭೆಗಾಗಿ ಬರೆಯುತ್ತಿರುವ ಹೊಸ ಹೊತ್ತಗೆಯಲ್ಲಿ ಇದು ಒಳಗೋ ಹೊರಗೋ, ಹೊರಗೆಂದರೆ ಮತ್ತೆ ಮಡಕೆಯೊಳಗೆ, ಹುಳದ ಬಾಯಿಗೆ, ಈಗಾಗಲೇ ಅಂಚೆಲ್ಲ ತೂತು, ಅಲೆಕ್ಸಾಂಡ್ರಿಯದ ಈ ಕೇರಿಯಲ್ಲಿ ಇದರ ಇನ್ನೊಂದು ಪ್ರತಿ ಇಲ್ಲ, ಆಮೇಲೆ ಅಮ್ಮ ಕೇಳಬೇಕೆಂದರೆ ಎಲ್ಲಿ ಕೇಳುತ್ತಾಳೆ — ಅಗೋ ಅಮ್ಮ, ಹೆಂಗಸರ ಸಾಲಿನಲ್ಲಿ ಕಾಲು ಚಾಚಿಕೊಂಡು ಹುರಿದ ಕಡಲೆ ಅಗಿಯುತ್ತಿದ್ದಾಳೆ, ಮೊಣಕೈವರೆಗೂ ನೀಲಿ, ಎಪ್ಪತ್ತಾದರೂ ಬಣ್ಣದ ಬಾನಿ ಬಿಟ್ಟವಳಲ್ಲ, ಆಗಲೂ ಹೀಗೇ, ಸಂಜೆ ಬಾನಿಯಿಂದ ಎದ್ದು ಬಂದವಳೇ ಕೈ ಒರೆಸದೆ, ಆಗ ಮನೆಯಲ್ಲೇ ಇದ್ದ ಈ ಸುರುಳಿ ಬಿಚ್ಚುವಳು, ಓದೇ ಹೆರೈಸ್, ಓದು, ಅಕ್ಷರ ಬಾರದ ಅಮ್ಮ, ಎಂಟು ವರ್ಷದ ಹೆರೈಸ್ ತಡವರಿಸಿ ತಡವರಿಸಿ ಓದುವಳು, ಸುರುಳಿಯ ಅಂಚು ಹಿಡಿದ ಅಮ್ಮನ ಹೆಬ್ಬೆಟ್ಟಿನಿಂದ ನೀಲಿ ಇಳಿಯುತ್ತಿತ್ತು — ಅಯ್ಯೋ ದೇವರೇ, ಕ್ರೋನಿಯಸರು ಅಪೊಸ್ತಲರ ಹೆಸರೆಂದು ಬೆಳಗಿನಿಂದ ಎತ್ತಿ ಎತ್ತಿ ತೋರಿಸುತ್ತಿರುವುದು ಅಮ್ಮನ ಹೆಬ್ಬೆಟ್ಟು, ನಗು ಒತ್ತರಿಸಿ ಬರುತ್ತಿದೆ, ನಗಬಾರದು, ನಕ್ಕರೆ ಓಲೆ ಹೋಯಿತು.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಲ್ಲ, ಕ್ರೋನಿಯಸರು ಗೆಲ್ಲುತ್ತಾರೆ, ಓಲೆ ಉಳಿಯುತ್ತದೆ, ಅಮ್ಮ ಕೇಳುತ್ತಾಳೆ, ಆದರೆ ಬೆರಳು ಕೇಳಬೇಕಲ್ಲ, ಬೆರಳು ಆಗಲೇ ಮೊದಲ ಹಾಳೆಯನ್ನು ಸವರುತ್ತಿದೆ, ಸುಳ್ಳಿನ ಬುಡದ ಮೇಲೆ ಈ ಓಲೆಯನ್ನು ನಿಲ್ಲಿಸಿ ಆಮೇಲೆ ಹೇಗೆ ಓದುವುದು, ಅಪ್ಪ ಕೆರೆಯ ಜೊಂಡು ಸೀಳಿ ಹಾಳೆ ಮಾಡುತ್ತಿದ್ದವನು, ಒಂದಕ್ಕೊಂದು ಅಂಟಿಸುವಾಗ ಮೊದಲನೆಯದನ್ನು ಮಾತ್ರ ಅಡ್ಡತಿರುಗಿಸುತ್ತಿದ್ದ, ಬಾಗಿಲಿಗೆ ಕಾವಲು ಕಣೇ ಇದು, ಇದರ ನಾರು ನಿಂತಿರುತ್ತೆ, ಮಿಕ್ಕಿದ್ದೆಲ್ಲ ಮಲಗಿರುತ್ತೆ — ಇಲ್ಲಿ ನಾರು ನಿಂತಿದೆ, ಇದೇ ಮೊದಲ ಹಾಳೆ, ಏನೂ ಹರಿದಿಲ್ಲ, ಅವಳು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ ಅವಳಿಗೇ ತಿಳಿಯದು, ಹೇಳಿಯೂ ಬಿಟ್ಟಳು, ಇದು ನಮ್ಮಮ್ಮನ ಹೆಬ್ಬೆಟ್ಟು, ಹೆಸರು ಇರಲೇ ಇಲ್ಲ, ಕ್ರೋನಿಯಸರ ಮುಖ ಬಾಡಿತು, ತಂಗೀ, ಹೆಂಗಸರು ಸಭೆಯಲ್ಲಿ ಮಾತಾಡಬಾರದು, ಅಷ್ಟೇ ಅಂದರು, ಕೊಪ್ರೆಯಸ್ ಹಿಗ್ಗಲೂ ಇಲ್ಲ, ಮೆಲ್ಲಗೆ, ನೋಡಿದ್ರಾ, ಅಪ್ಪನಿಲ್ಲದ್ದು, ಹೊರಗಿಡಿ, ಓಲೆಯನ್ನು ನಾನೇ ಕೊಂದೆನೇ, ಅಷ್ಟರಲ್ಲಿ ಕಡಲೆ ಅಗಿಯುವ ಸದ್ದು ನಿಂತಿತು, ಅಮ್ಮ ಬಾಯಿ ತೆರೆದಳು, ಹೆಂಗಸರು ಸಭೆಯಲ್ಲಿ ಮಾತಾಡಬಾರದಲ್ಲ, ಸರಿ ಕಣಪ್ಪ, ನಾನು ಮಗಳ ಹತ್ರ ಮಾತಾಡ್ತೀನಿ, ನೀವೆಲ್ಲ ಬೇರೆ ಕಡೆ ನೋಡಿ, ಹೆರೈಸ್, ನಮ್ಮ ಪಕ್ಕದ ಮನೆ ಅಗಸಗಿತ್ತಿ ಥರ್ಮೂತಿಸ್ ಗೊತ್ತಲ್ಲ, ಒಂದು ಬೆಳಿಗ್ಗೆ ತಿಪ್ಪೆ ಮೇಲೆ ಅಳ್ತಿದ್ದ ಕೂಸನ್ನ ಸೆರಗಲ್ಲಿ ಸುತ್ಕೊಂಡು ಬಂದ್ಲು, ನಿಮ್ಮಪ್ಪ ಯಾರಪ್ಪಾ ಅಂತ ಕೂಸನ್ನ ಕೇಳಿದ್ಲೇನೇ, ಹಾಲು ಕೊಟ್ಲು — ಸಭೆಗೆ ಸಭೆಯೇ ಎದುರಿನ ಹಿರಿಯನತ್ತ ತಿರುಗಿತು, ಕೊಪ್ರೆಯಸ್ ಎಂದರೆ ತಿಪ್ಪೆಯವನು ಅಂತಲೇ, ಎತ್ತಿ ಸಾಕಿದ ಕೂಸುಗಳಿಗೆಲ್ಲ ಇಲ್ಲಿ ಇಡುವ ಹೆಸರು, ಕೇರಿಯಲ್ಲಿ ಅಂಥವರು ನಾಲ್ಕು ಜನ, ಯಾರೂ ಅದನ್ನು ಎತ್ತಿ ಆಡುವುದಿಲ್ಲ, ಅವನ ಕಿವಿ ಕೆಂಪಾಯಿತು, ಗದರುತ್ತಾನೆ, ಎದ್ದು ಹೋಗುತ್ತಾನೆ, ಇಲ್ಲ, ಭುಜ ಅಲುಗುತ್ತಿದೆ, ಅಳುತ್ತಿದ್ದಾನೋ — ನಗುತ್ತಿದ್ದಾನೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾನೆ, ಅಮ್ಮಾ, ನಮ್ಮವ್ವನ್ನ ಎಳೆದು ತಂದುಬಿಟ್ಟೆಯಲ್ಲ, ಇನ್ನೇನು ಹೇಳಲಿ, ಬರಿ ಹೆರೈಸ್, ಹೊತ್ತಗೆಗೆ ಬರಿ, ಆದರೆ ಮೇಲೆ ಯಾರ ಹೆಸರನ್ನೂ ತುರುಕಬೇಡ, ಅದು ಬಂದ ಹಾಗೇ ಬರಲಿ, ಅವನ ಜೊತೆ ಮೊದಲು ನಕ್ಕವರು ಕ್ರೋನಿಯಸರೇ, ಆದರೂ ಅದು ಅಪೊಸ್ತಲರದ್ದೇ ಕಣಯ್ಯಾ, ಹೋಗಯ್ಯಾ ಸಾಕು ಅಂದ ಕೊಪ್ರೆಯಸ್, ಆಮೇಲೆ ರೊಟ್ಟಿ, ಉಪ್ಪುಮೀನು, ಒಂದೇ ತಟ್ಟೆಯಲ್ಲಿ ಇಬ್ಬರೂ ಹಿರಿಯರು, ಕೈ ಕೈ ತಾಗಿಸಿಕೊಂಡು ಜಗಳ.

ಈಗ ಮನೆ, ಕಿಟಕಿಯ ಬೆಳಕು, ಜೊಂಡಿನ ಲೇಖನಿ, ಹೊತ್ತಗೆಯ ಹೊಸ ಪುಟ, ಹೆಸರು ಬರಬೇಕಾದ ಮೇಲಂಚಿನಲ್ಲಿ ನಾಲ್ಕು ಬೆರಳು ಜಾಗ ಬಿಟ್ಟಿದ್ದಾಳೆ, ಖಾಲಿ, ಅದನ್ನು ನೋಡಿದರೇ ಏನೋ ಸಂತೋಷ, ಯಾರಪ್ಪ ನೀನು, ಇಷ್ಟೆಲ್ಲ ಬರೆದು ಹೆಸರು ಹೇಳದೆ ಹೋದವನು, ಹೋದವಳೇ ಕಣೇ ಅನ್ನುತ್ತಾಳೆ ಬಾನಿಯ ಕಡೆಯಿಂದ ಅಮ್ಮ, ಗಂಡಸಾಗಿದ್ರೆ ಹೆಸರು ಹಾಕದೆ ಬಿಡ್ತಿದ್ನಾ, ಕ್ರೋನಿಯಸರ ಮುಂದೆ ಇದನ್ನು ಹೇಳಬೇಡಮ್ಮಾ, ಬಿದ್ದೇಹೋದಾರು, ಮೊದಲ ಸಾಲು ಮುಗಿಯಿತು, ಎರಡನೆಯದು, ಶಾಯಿ ಮಿನುಗುತ್ತಿದೆ, ಬಾನಿಯ ಮುಚ್ಚಳ ಸರಿದ ಸದ್ದು, ಹಿಂದೆ ಬರಿಗಾಲಿನ ಸಪ್ಪಳ, ಬಣ್ಣದ ಹುಳಿನಾತ, ಎಷ್ಟು ಬರೆದೆ, ತೋರಿಸು, ಓದೇ ಹೆರೈಸ್, ಓದು, ಅಮ್ಮಾ ಕೈ ಒರೆಸಿಕೋ ಅನ್ನಬೇಕು, ಅನ್ನುವಷ್ಟರಲ್ಲಿ ಪುಟ ಜಾರದ ಹಾಗೆ ಮೇಲಿನಿಂದ ಒತ್ತಿ ಹಿಡಿದೇಬಿಟ್ಟಳು, ಆ ಖಾಲಿ ಜಾಗದಲ್ಲೇ, ಒರೆಸಲೇ, ಬೇಡ, ಒರೆಸುವುದಿಲ್ಲ, ಓದುತ್ತೇನೆ ಇರು, ಓದುತ್ತೇನೆ — ಹೆಬ್ಬೆಟ್ಟು, ನೀಲಿ, ಇನ್ನೂ ಒದ್ದೆ.