ಠಣ್ ಎಂದ ಪೈಪು

ಬೀಡು ಕಬ್ಬಿಣದ ಪೈಪನ್ನು ಕೊಳ್ಳುವ ಮುಂಚೆ ಬಡಿದು ನೋಡಬೇಕು. ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಒಳ್ಳೆಯ ಪೈಪು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ದಪ್ ಎನ್ನುತ್ತದೆ. ಕೆಲಸ ಬಲ್ಲವರೆಲ್ಲ ಮಾಡುವುದೇ ಇದು. ಆದರೆ ಈ ಮನುಷ್ಯ ಅಲ್ಲಿಗೇ ನಿಲ್ಲಿಸಿದವನಲ್ಲ. ಮನೆಯ ನಲ್ಲಿ, ಗೇಟಿನ ಕಂಬಿ, ಹೆಂಡತಿ ಆಸೆಪಟ್ಟು ತಂದ ಬಾಣಲೆ, ಎಲ್ಲದಕ್ಕೂ ಅದೇ ಸುತ್ತಿಗೆ. ಜನ ಅವನಿಗೆ ಠಣ್ ಮೇಸ್ತ್ರಿ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದು ಅಂದುಕೊಂಡ, ಪುಣ್ಯಾತ್ಮ.

ದೊಡ್ಡ ದೊಡ್ಡ ಅಂಗಡಿ ಕಟ್ಟಡಗಳ ಕೊಳಚೆ ಪೈಪು ಕೂರಿಸುವುದು ಅವನ ಕಸುಬು. ಯಾವ ಕಟ್ಟಡವಾದರೂ ಸರಿ, ಅವನ ಬಾಯಲ್ಲಿ ಬರುತ್ತಿದ್ದುದು ಕಬ್ಬಿಣ ಒಂದೇ. ಅವನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಮೇಲಿನ ಮಹಡಿಯ ಕಕ್ಕಸಿನ ನೀರು ತೆಳ್ಳನೆಯ ಪ್ಲಾಸ್ಟಿಕ್ಕಿನಲ್ಲಿ ಇಳಿದರೆ, ಯಾರೋ ಹೋಗಿ ಬಂದ ಸುದ್ದಿ ಸದ್ದಿನಿಂದಲೇ ಕೆಳಗಿನ ಆಫೀಸಿಗೆಲ್ಲ ಗೊತ್ತಾಗುತ್ತದೆ. ಹೋಟೆಲಿನ ಕುದಿಯುವ ನೀರು ದಿನವೂ ಬಿದ್ದರೆ ಅದು ಸೊಟ್ಟಗಾಗುತ್ತದೆ. ಕಬ್ಬಿಣಕ್ಕೆ ಇದ್ಯಾವುದೂ ಇಲ್ಲ. ಆದರೆ ಎಲ್ಲ ಕಡೆ ಸಲ್ಲುವ ವಸ್ತು ಲೋಕದಲ್ಲಿ ಯಾವುದಿದೆ? ಅದನ್ನು ಹೇಳಹೋದರೆ, ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವನ ಜೊತೆ ಭಾಮೈದನೂ ಕೆಲಸ ಮಾಡುತ್ತಿದ್ದ. ಹೆಂಡತಿಯ ಒಬ್ಬನೇ ತಮ್ಮ. ತಾಯಿ ತೀರಿಕೊಂಡ ಮೇಲೆ ಅವಳೇ ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದ್ದು, ಮದುವೆಯಾದ ಮೇಲೆ ಗಂಡನ ಮನೆಗೂ ಕರೆದುಕೊಂಡು ಬಂದಿದ್ದು. ಪೈಪಿನ ಕೂಡುಗಳಿಗೆ ಸಣಬು ತುರುಕುವುದು, ಅದರ ಮೇಲೆ ಸೀಸ ಕಾಸಿ ಹೊಯ್ಯುವುದು, ಇಳಿಜಾರು ನೋಡುವುದು, ಎಲ್ಲವನ್ನೂ ಭಾವನ ಕೈಯಲ್ಲೇ ಕಲಿತ. ಕಲಿತು ಸುಮ್ಮನೆ ಕೂರಲಿಲ್ಲ, ಹೊರಗಡೆ ಹೋಗಿ ಇನ್ನಷ್ಟು ಕಲಿತುಬಂದ. ತಪ್ಪಾದದ್ದು ಅದೇ.

ಪೇಟೆಯ ಮೂಲೆಯಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಕೆಳಗೆ ಅಂಗಡಿಗಳು, ಮೇಲೆ ಆಫೀಸುಗಳು, ನಡುವಿನ ಮಹಡಿಗೆ ಲೋಹ ಪರೀಕ್ಷೆ ಮಾಡುವ ಲ್ಯಾಬು ಬರುವುದಿತ್ತು. ಕೆಳಗಿನ ಮೂಲೆಯ ಅಂಗಡಿ ಮೇಸ್ತ್ರಿಯ ಹೆಂಡತಿಗೆ. ಮನೆಯ ಪಡಸಾಲೆಯಲ್ಲಿ ಕೂತು ಊರವರ ಬಟ್ಟೆ ಹೊಲಿದು ಹೊಲಿದು ಬೆನ್ನು ಬಗ್ಗಿದವಳು, ತನ್ನದೇ ಅಂತ ಒಂದು ಬೋರ್ಡು ಹಾಕಿಕೊಳ್ಳಲಿದ್ದಳು. ಮೇಲಿನ ಲೈನೆಲ್ಲ ಅವಳ ಅಂಗಡಿಯ ನೆಲದಡಿಯಿಂದಲೇ ಹೊರಗೆ ಹೋಗಬೇಕಿತ್ತು.

ಪೈಪು ಇಳಿಸುವ ದಿನ ಭಾಮೈದ ಭಾವನನ್ನು ಪಕ್ಕಕ್ಕೆ ಕರೆದ.

"ಭಾವ, ಕಕ್ಕಸಿನ ಲೈನಿಗೆ ಕಬ್ಬಿಣಾನೇ ಹಾಕೋಣ, ನಾನು ಬೇಡ ಅನ್ನಲ್ಲ. ಲ್ಯಾಬಿನ ಲೈನಿಗೆ ಮಾತ್ರ ಬೇಡ. ಅವರು ದಿನಾ ಆಸಿಡ್ ಸುರೀತಾರೆ, ಅದು ಒಳಗಿಂದ ತಿಂದುಹಾಕುತ್ತೆ. ಆಸಿಡ್ ತಡೆಯೋ ಪ್ಲಾಸ್ಟಿಕ್ ಬಂದಿದೆ, ನೋಡಿ." ಎಂದು ಕೈಯಲ್ಲಿದ್ದ ಒಂದು ತುಂಡನ್ನು ಕೊಟ್ಟ.

ಪಕ್ಕಕ್ಕೆ ಕರೆದು ಹೇಳಿದ ಮಾತಿಗೆ ಪಕ್ಕದಲ್ಲೇ ಉತ್ತರ ಕೊಡಬಹುದಿತ್ತು. ಮೇಸ್ತ್ರಿ ತುಂಡನ್ನು ತೆಗೆದುಕೊಂಡು ಆಳುಗಳ ನಡುವೆ ಬಂದು ನಿಂತು ಸುತ್ತಿಗೆಯಿಂದ ತಟ್ಟಿದ. ದಪ್ ಎಂದಿತು.

"ಕೇಳಿಸ್ತೇನ್ರೋ? ನಮ್ಮ ಭಾಮೈದನ ತಲೆ ಬಡಿದ್ರೂ ಇದೇ ಸದ್ದು."

ಆಳುಗಳು ನಕ್ಕರು. ಕೂಲಿ ಕೊಡುವವನು ನಗಿಸಿದರೆ ನಗದೆ ಏನು ಮಾಡುತ್ತಾರೆ? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಮದ್ದಲ್ಲ ಅಂದದ್ದು ಸಾಲದೆ ಬೇರು ಸಮೇತ ಕಿತ್ತೆಸೆದ ಹಾಗಾಯಿತು. ಲ್ಯಾಬಿನ ಲೈನಿಗೂ ಕಬ್ಬಿಣವೇ ಬಿತ್ತು.

ಆ ಸಂಜೆ ಭಾಮೈದ ಮನೆಗೆ ಬಂದು, ಇನ್ನು ಭಾವನ ಜೊತೆ ನನ್ನಿಂದಾಗದು ಎಂದು ಅಕ್ಕನ ಹತ್ತಿರ ಅತ್ತುಕೊಂಡ. ಗಂಡ ಒಳಕೋಣೆಯಲ್ಲಿದ್ದಾನೆ, ಎಲ್ಲವೂ ಅವನ ಕಿವಿಗೆ ಬೀಳುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಅವನಿಗೆ ಕೇಳಲಿ ಎಂದೇ ಅವಳು ದನಿಯೇರಿಸಿದಳು.

"ನಿನಗೆ ಕೆಲಸ ಕಲಿಸಿದೋರು ಅವರು. ಅವರ ಮಾತು ಕೇಳೋಕಾಗಲ್ಲ ಅಂದ್ರೆ ನಮ್ಮನೆ ಹೊಸಿಲು ತುಳೀಬೇಡ."

ನಾಳೆ ಬೆಳಗಾದರೆ ಸರಿಹೋಗುತ್ತದೆ ಎಂದುಕೊಂಡು ಆಡಿದ ಮಾತು ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಒಳಗಿದ್ದ ಗಂಡ ಹೊರಗೆ ಬಂದು "ಏ, ನಿಲ್ಲೋ" ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಹೆಂಡತಿ ತನ್ನ ಕಡೆ ನಿಂತಳಲ್ಲ ಎಂದು ಒಳಗೊಳಗೇ ಹಿಗ್ಗಿ ಮಗ್ಗುಲು ಬದಲಾಯಿಸಿದ. ಎಂಥ ಗೆಲುವೋ, ಅವನಿಗೇ ಗೊತ್ತು.

ಆಮೇಲೆ ವರ್ಷಗಳೇ ಕಳೆದವು. ತಮ್ಮನು ಸ್ವಂತ ಕೆಲಸ ಶುರುಮಾಡಿದ್ದು, ಆಸ್ಪತ್ರೆಗಳೂ ಲ್ಯಾಬುಗಳೂ ಅವನನ್ನೇ ಹುಡುಕಿಕೊಂಡು ಬರುವುದು, ಅವನಿಗೆ ಮದುವೆಯಾದದ್ದು, ಹೆಣ್ಣು ಮಗು ಹುಟ್ಟಿದ್ದು, ಎಲ್ಲವನ್ನೂ ಅಕ್ಕ ಬಟ್ಟೆ ಹೊಲಿಸಲು ಬಂದವರ ಬಾಯಿಂದ ಕೇಳಿ ತಿಳಿದುಕೊಂಡಳು. ಮಗುವಿಗೆಂದು ಒಂದು ಲಂಗ ಹೊಲಿದು, ಕಳಿಸಲು ಧೈರ್ಯ ಸಾಲದೆ ಪೆಟ್ಟಿಗೆಯಲ್ಲಿಟ್ಟಳು. ನೀವೊಂದು ಮಾತು ಅಂದರೆ ಬರ್ತಾನೆ ಎಂದು ಗಂಡನನ್ನು ಬೇಡಿಕೊಂಡಳು. ಗಂಡನ ಉತ್ತರ ಯಾವಾಗಲೂ ಒಂದೇ: "ಪೈಪು ಗಟ್ಟಿಯಾಗಿದೆ ತಾನೆ? ಬಂದು ತಪ್ಪಾಯ್ತು ಅನ್ನಲಿ." ಕೊಳಚೆ ಪೈಪೊಂದು ಆ ಸಂಸಾರಕ್ಕೆ ನ್ಯಾಯಾಧೀಶನಾಗಿ ಕೂತಿತ್ತು. ಅದು ಗಟ್ಟಿಯಾಗಿರುವಷ್ಟು ದಿನ ಅಕ್ಕನಿಗೆ ತಮ್ಮನಿಲ್ಲ.

ಒಂದು ದಿನ ಅಂಗಡಿಯಲ್ಲಿ ಹುಳಿಹುಳಿ ವಾಸನೆ ಬರತೊಡಗಿತು. ಅವಳು ಹೇಳಿದಳು, ಗಂಡ ಮೂಗು ಮುರಿದ. ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ನೆಲ ತೇವವಾಗಿದೆ ಎಂದಾಗ ಗೊಣಗುತ್ತ ಬಂದು, ಕಲ್ಲು ಚಪ್ಪಡಿ ಎತ್ತಿಸಿ, ಅದರಡಿ ಪೈಪು ಹಾಯ್ದ ಕಾಲುವೆಯೊಳಗೆ ಬಗ್ಗಿ ಸುತ್ತಿಗೆಯಿಂದ ತಟ್ಟಿದ.

ಠಣ್.

"ಕೇಳಿದ್ಯಾ? ಹೊಸ ಪೈಪಿನ ಹಾಗಿದೆ. ನಿನ್ನ ತಮ್ಮನ ಮಾತು ಸುಳ್ಳು ಅಂತ ಇನ್ನೂ ಗೊತ್ತಾಗ್ಲಿಲ್ವಾ?"

ತಟ್ಟಿದ್ದು ಪೈಪಿನ ನೆತ್ತಿಯನ್ನು. ಕೊಳಚೆ ಪೈಪಿನಲ್ಲಿ ನೀರು ತುಂಬಿ ಹರಿಯುವುದಿಲ್ಲ, ಅಡಿ ಸವರಿಕೊಂಡು ಹರಿಯುತ್ತದೆ. ಆಸಿಡ್ಡು ತಿನ್ನುವುದೂ ಅಡಿಯನ್ನೇ. ಆ ಅಡಿ ಮಣ್ಣಿನೊಳಗೆ ಹುದುಗಿತ್ತು; ಎರಡು ಗುದ್ದಲಿ ಮಣ್ಣು ಸರಿಸಿದ್ದರೆ ಕೈಗೆ ಸಿಗುತ್ತಿತ್ತು. ಅವನು ಸರಿಸಲಿಲ್ಲ. ಬೇಕಾದ ಸದ್ದು ಕಿವಿಗೆ ಬಿದ್ದಮೇಲೆ ಮಣ್ಣು ಯಾರಿಗೆ ಬೇಕು? ಚಪ್ಪಡಿ ಮುಚ್ಚಿಸಿ ಕೈ ತೊಳೆದುಕೊಂಡು ಹೋದ.

ಕೆಲವೇ ವಾರಗಳಲ್ಲಿ, ಸೋರಿದ ನೀರಿಗೆ ಅಡಿಯ ಮಣ್ಣು ಕೊಚ್ಚಿಹೋಗಿ ನೆಲ ಕುಸಿಯಿತು. ಮೇಜು ಒಂದು ಕಡೆ ವಾಲಿತು, ಹಿಡಿಯಲು ಹೋದ ಅವಳ ಕಾಲು ಮೊಣಕಾಲಿನವರೆಗೆ ಒಳಗಿಳಿದು ಕಣಕಾಲಿನ ಮೂಳೆ ಮುರಿಯಿತು. ಕಟ್ಟಡದ ಮಾಲೀಕ ಅಂಗಡಿಗೆ ಬೀಗ ಹಾಕಿಸಿದ. ಮೇಸ್ತ್ರಿಯನ್ನು ಒಂದು ಮಾತೂ ಕೇಳದೆ, ಆಸಿಡ್ ಲೈನಿನ ಕೆಲಸ ಬಲ್ಲವನಿಗೆ ಫೋನು ಮಾಡಿದ. ಅಂಥವನು ಆ ಊರಿನಲ್ಲಿದ್ದದ್ದು ಒಬ್ಬನೇ.

ಸುದ್ದಿ ಕೇಳಿ ಹಾಸಿಗೆಯಲ್ಲಿದ್ದ ಅಕ್ಕನ ಮುಖ ಅರಳಿತು. "ಕಾಲು ಹೋದ್ರೆ ಹೋಯ್ತು ಬಿಡ್ರಿ. ತಮ್ಮ ಬರ್ತಾನಲ್ಲ" ಎಂದಳು. ಇಷ್ಟು ವರ್ಷಗಳಲ್ಲಿ ಗಂಡನ ಎದೆಗೆ ನಾಟಿದ ಮೊದಲ ಮಾತು ಅದು.

ಭಾಮೈದ ಇಬ್ಬರು ಆಳುಗಳೊಂದಿಗೆ ಬಂದು ಮಣ್ಣು ತೆಗೆಸಿದ. ಪೈಪನ್ನು ಎತ್ತಿ ಮಗುಚಿದಾಗ ಮೇಸ್ತ್ರಿ ನೋಡಿದ. ಅಡಿಯೇ ಇರಲಿಲ್ಲ. ಮೇಲಿನ ಅರ್ಧ ಮಾತ್ರ ಒಳ್ಳೇ ಗಟ್ಟಿಮುಟ್ಟಾಗಿ ಉಳಿದಿತ್ತು. ಭಾಮೈದ ಅದನ್ನು ಗೋಡೆಗೆ ಒರಗಿಸಿಟ್ಟು, ತನ್ನ ಪೈಪುಗಳನ್ನು ಕಾಯಿಸಿ ಬೆಸೆಯಲು ಕೂತ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ತಪ್ಪು ನಂದೇ ಕಣೋ ಎನ್ನಬೇಕೆಂದು ಮೇಸ್ತ್ರಿ ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಹತ್ತಿರ ಹೋಗಿ ನಿಂತ. ಬಾಯಿ ತೆರೆದ. ಬಂದದ್ದು ಬೇರೆಯೇ.

"ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ?"

"ಬರುತ್ತೆ" ಎಂದ ಭಾಮೈದ, ತಲೆಯೆತ್ತದೆ.

ಕೆಲಸ ಮುಗಿಯುವ ಹೊತ್ತಿಗೆ ಅಕ್ಕ ಪ್ಲಾಸ್ಟರ್ ಹಾಕಿದ ಕಾಲೆಳೆಯುತ್ತ ಕೋಲೂರಿಕೊಂಡು ಬಂದಳು, ಬಗಲಲ್ಲಿ ಊಟದ ಡಬ್ಬಿ, ಕೈಚೀಲದಲ್ಲಿ ಆ ಲಂಗ. ತಮ್ಮ ಎದ್ದು ಕೈಯ ಧೂಳು ಕೊಡವಿ, ಅಂಗಡಿಯ ಯಾವ ಬಾಡಿಗೆದಾರರಿಗಾದರೂ ಹೇಳುವ ಹಾಗೆ ಹೇಳಿದ:

"ಮೇಡಂ, ಇನ್ನು ತೊಂದರೆ ಇಲ್ಲ. ನೆಲ ಒಣಗಿದ ಮೇಲೆ ಅಂಗಡಿ ತೆಗೀಬಹುದು."

ಅವಳು ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಊಟ ಆಯ್ತೇನೋ?"

"ಆಯ್ತು ಮೇಡಂ."

ಆಗಿರಲಿಲ್ಲ. ಬೆಳಗಿನಿಂದ ಅವನು ಒಂದು ಲೋಟ ನೀರನ್ನೂ ಮುಟ್ಟದಿದ್ದುದನ್ನು ಮೇಸ್ತ್ರಿ ನೋಡಿದ್ದ. ಸಾಮಾನು ಗಾಡಿಗೆ ಹೇರಿಸಿ ಭಾಮೈದ ಹೊರಟುಹೋದ. ಲಂಗ ಚೀಲದಲ್ಲೇ ಉಳಿಯಿತು.

ಮನೆಗೆ ಬಂದು ಅವಳು ಆ ಡಬ್ಬಿಯನ್ನು ಬಿಚ್ಚಿ, ಅದೇ ಊಟವನ್ನು ಗಂಡನಿಗೆ ಬಡಿಸಿದಳು.

"ತಿನ್ನಿ" ಎಂದಳು. "ಬೇಕಾದ್ರೆ ತಟ್ಟೆ ಬಡಿದು ನೋಡ್ಕೊಂಡು ತಿನ್ನಿ."

ಅವನು ತಲೆ ತಗ್ಗಿಸಿಕೊಂಡು, ಒಂದಗುಳೂ ಬಿಡದೆ ಉಂಡ.