ಮಬ್ಬು ಕಳೆದ ಟೇಪ್ ರೆಕಾರ್ಡರ್

ನಾನು ಒಂದು ಟೇಪ್ ರೆಕಾರ್ಡರ್. ಕಾರ್ಖಾನೆಯಲ್ಲಿ ಜೋಡಿಸುವಾಗಲೇ ನನ್ನ ಮೋಟಾರು ಕೊಂಚ ಓರೆಯಾಗಿ ಕೂತಿತೆಂದು ಕಾಣುತ್ತದೆ, ಖಚಿತವಾಗಿ ಹೇಳಲಾರೆ. ಯಾರ ದನಿ ಹಿಡಿದರೂ ಅದು ನೀರಿನೊಳಗಿಂದ ಬಂದಂತೆ ಓಲಾಡುತ್ತಿತ್ತು, ಹಿಂದೆ ಸದಾ ಸುಯ್ಯೆನ್ನುವ ಸದ್ದು.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಸಂಗೀತ ಟೀಚರ್ ಅಂಬುಜಾಬಾಯಿ. ನಾನು ಪಾಠ ಹಿಡಿದು ಕೇಳಿಸಿದಾಗ, "ಅಯ್ಯ, ಇದಕ್ಕ ನೆಗಡಿ ಆಗೇದ!" ಎಂದರು. ಮಕ್ಕಳೆಲ್ಲ ನಕ್ಕರು. ಆಮೇಲೆ ನನ್ನ ಮೇಲೆ ಕಸೂತಿ ಬಟ್ಟೆ ಬಿತ್ತು. ಅದರಡಿ ನಾಚಿಕೊಂಡು ಎಷ್ಟೋ ವರ್ಷ ಕೂತೆ.

ಮನೆ ಬದಲಿಸುವಾಗ ಅವರು ನನ್ನನ್ನು ಹಳೆಯ ಶಿಷ್ಯ ಗುರುಪಾದನಿಗೆ ಕೊಟ್ಟರು. ಅವನೂ ಗೆಳತಿ ಫರ್ಜಾನಾಳೂ ಸೇರಿ ಹಾಡು ಕಟ್ಟುತ್ತಿದ್ದರು. ಜೋಡಿಯ ಹೆಸರು 'ಹಳೇ ಬಿಸಿಲು'. ಅವನದು ಆಟಿಕೆಯ ಕೀಬೋರ್ಡ್, ಅವಳದು ದನಿ. ಕುಕ್ಕರಿನ ಸೀಟಿ, ತಗಡಿನ ಮೇಲೆ ಪಾರಿವಾಳ ನಡೆದ ಸದ್ದು, ಎಲ್ಲವೂ ಹಾಡಿನೊಳಗೆ. ನನ್ನ ಓಲಾಟ ಕೇಳಿ ಫರ್ಜಾನಾ, "ಇವನ್ನ ರಿಪೇರಿಗಂತ ಮುಟ್ಟಬ್ಯಾಡೋ ಮಾರಾಯಾ, ನಮ್ಮ ಮೂರನೆಯವ ಇವನ," ಎಂದಳು. ನಂಬಲು ಹೆದರಿಕೆಯಾಯಿತು.

ಅವರ ಮೊದಲ ಕ್ಯಾಸೆಟ್ಟಿಗೆ ಒಂದೇ ಹಾಡು ಬಾಕಿಯಿದ್ದಾಗ ನನ್ನ ವಾಯರು ತುಂಡಾಯಿತು. ಗುರುಪಾದನ ಸೋದರಮಾವ ಚೆನ್ನಪ್ಪ ಮಿಕ್ಸಿ ರಿಪೇರಿಯವರು. ವಾಯರಷ್ಟೇ ಹಾಕೆಂದರೆ, ಅಳಿಯನ ಮೇಲಿನ ಪ್ರೀತಿಗೆ ಮೋಟಾರನ್ನೂ ನೆಟ್ಟಗೆ ಕೂರಿಸಿ, ಬೆಲ್ಟು ಬದಲಿಸಿ, ದನಿ ಹಿಡಿಯುವ ಹೆಡ್ಡು ಒರೆಸಿಬಿಟ್ಟರು. ಜೀವನದಲ್ಲಿ ಮೊದಲ ಸಲ ನಾನು ಬೀಗಿದೆ.

ಅಂದು ಹಿಡಿದ ಹಾಡಿನಲ್ಲಿ ಫರ್ಜಾನಾಳ ದನಿ ತೊಳೆದ ಗಾಜಿನಂತಿತ್ತು. 'ಸ' ಬಂದಲ್ಲೆಲ್ಲ ಅವಳ ನಾಲಿಗೆ ತೊಡರುವುದೂ ಕೇಳಿಸಿತು. ಆ ತೊಡರಿಗಾಗಿ ಶಾಲೆಯ ಪ್ರಾರ್ಥನೆಯಲ್ಲಿ ಅವಳು ಬರೀ ತುಟಿ ಆಡಿಸಿದವಳು. ಇಷ್ಟು ದಿನ ನನ್ನ ಮಬ್ಬು ಅದನ್ನು ಮುಚ್ಚಿತ್ತು.

"ಇದು ನಾನಾ?" ಎಂದಳು. ಗುರುಪಾದ ಹೌದೆಂದು ತಲೆಯಾಡಿಸಿದ. "ಹಂಗಾದ್ರ ನಾ ಇನ್ನ ಹಾಡೂದಿಲ್ಲ."

ಅವನು ನನ್ನನ್ನು ಎತ್ತಿಕೊಂಡು ಮಾವನಲ್ಲಿಗೆ ಓಡಿದ. "ಮಾಮಾ, ಮೊದಲಿನಂಗ ಕೆಡಿಸಿಕೊಡು."

"ಕೆಟ್ಟಿದ್ದನ್ನ ರಿಪೇರಿ ಮಾಡೂದು ಕಲ್ತೀನೋ ತಮ್ಮಾ. ಛಲೋ ಇದ್ದದ್ದನ್ನ ಕೆಡಿಸೂದು ನಮ್ಮ ಗುರು ಕಲಿಸಿಲ್ಲ."

ಕೆಲವು ದಿನ ಕಳೆದು ಫರ್ಜಾನಾ ತಾನಾಗಿ ಬಂದಳು. ನನಗೆ ಬೆನ್ನು ಮಾಡಿ ನಿಂತು, ಅದೇ ಹಾಡನ್ನು ಕೊನೆಯವರೆಗೂ ಹಾಡಿದಳು. "ಇರಲಿ, ಕ್ಯಾಸೆಟ್ಟಿಗೆ ಹಾಕು. ಆದ್ರ ನಾ ಇಲ್ಲದಾಗ ಕೇಳು," ಎಂದಳು.

ಕ್ಯಾಸೆಟ್ಟು ಹೊರಬಂತು. ಆಮೇಲೆ ಇನ್ನೂ ಎರಡು ಬಂದವು, ಬೇರೆ ಯಂತ್ರದಲ್ಲಿ. ನಾನೀಗ ವರ್ಷಗಳಿಂದ ಕಪಾಟಿನ ಮೇಲಿದ್ದೇನೆ. ಅವಳು ಬಂದಾಗ ಕೋಣೆ ತುಂಬ ಮಾತು; ಕೀಬೋರ್ಡಿಗೂ "ಹೆಂಗಿದ್ದಿ?" ಅನ್ನುತ್ತಾಳೆ. ನನ್ನ ಹತ್ತಿರ ಬಂದರೆ ಮಾತ್ರ ದನಿ ತಗ್ಗುತ್ತದೆ. ನನ್ನ ಬೆಲ್ಟು ಪುಡಿಯಾಗಿದೆ, ಇನ್ನು ಯಾರ ದನಿಯನ್ನೂ ಹಿಡಿಯಲಾರೆ ಎಂದು ಅವಳಿಗೆ ಹೇಳಬೇಕೆನಿಸುತ್ತದೆ.